ತೋಟಾ ತುಂಬಲು ಹೊರಟ ಅಳಿಯನಿಗೆ

ಅಳಿಯಾ,

ಪೆನ್ಸಿಲ್ವೇನಿಯಾದಲ್ಲಿ ಬೇಟೆಯ ತರಗತಿ ಮುಗಿಸಿ ಲೈಸೆನ್ಸ್ ಪಡೆದೆ, .308 ರೈಫಲ್ ಕೊಂಡೆ, ಇನ್ನು ತೋಟಾವನ್ನೂ ಮನೆಯಲ್ಲೇ ತುಂಬಿಕೊಂಡರೆ ಹೇಗೆ ಮಾವ ಎಂದು ಕೇಳಿದ್ದೀಯ. ಒಳ್ಳೆಯದೇ. ಕೈಯಾರೆ ತೋಟಾ ತುಂಬುವುದು ತಾಳ್ಮೆ ಕಲಿಸುವ ಕೆಲಸ. ಆದರೆ ನೀನು ಕೊಟ್ಟ ಕಾರಣ ಬೇರೆ. ಅಂಗಡಿ ತೋಟಾಕ್ಕಿಂತ ಜೋರಾಗಿ ಹೋಗಬೇಕು, ಜಿಂಕೆ ನಿಂತಲ್ಲೇ ಬೀಳಬೇಕು ಅಂತೀಯ. ನನ್ನ ತಕರಾರು ಆ ಮಾತಿನ ಮೇಲೆ. ಜಿಂಕೆ ಬೀಳುವುದು ತೋಟಾದ ಜೋರಿಗಲ್ಲ. ನಿನ್ನ ಕೈಗೆ ನಿಲುಕುವ ದೂರದಲ್ಲಿ, ಆ ದೂರಕ್ಕೆ ಸರಿಯಾಗಿ ಅರಳುವ ಗುಂಡು, ನೇರವಾಗಿ ಶ್ವಾಸಕೋಶಕ್ಕೆ ತಗುಲಿದರೆ ಬೀಳುತ್ತದೆ. ಮನೆಯಲ್ಲಿ ತುಂಬಿಕೊಳ್ಳುವುದರಿಂದ ಸಿಗಬೇಕಾದ ದೊಡ್ಡ ಲಾಭವೂ ಒಂದೇ: ಒಂದು ತೋಟಾದ ಹಾಗೆಯೇ ಇನ್ನೊಂದು ಇರಬೇಕು. ಇಷ್ಟು ತಲೆಗೆ ಹೋದರೆ ಮುಂದಿನದೆಲ್ಲ ಸಲೀಸು.

ಮೊದಲು ಕಾನೂನು ಮುಗಿಸಿಬಿಡೋಣ, ನಮ್ಮ ಹುಡುಗರು ಎಡವುವುದು ಅಲ್ಲೇ. ನಿನಗೆ ಗ್ರೀನ್ ಕಾರ್ಡ್ ಇದೆ. ನಾವೂ ಬರ್ತೀವಿ ಅನ್ನುವ ನಿನ್ನ ಎಚ್‌-1ಬಿ ಗೆಳೆಯರಿಗೆ, ಎಫ್‌-1 ವೀಸಾದಲ್ಲಿ ಓದುತ್ತಿರುವ ಹುಡುಗರಿಗೆ ಇಲ್ಲ. ಇಂಥ ತಾತ್ಕಾಲಿಕ ವೀಸಾದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಅದರಲ್ಲಿರುವ ಕೆಲವೇ ವಿನಾಯಿತಿಗಳಲ್ಲಿ ಮುಖ್ಯವಾದದ್ದು, ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಇನ್ನೊಂದು ಸೂಕ್ಷ್ಮವಿದೆ. ಖಾಲಿ ಕೇಸು, ಕಿಡಿ ಹೊತ್ತಿಸುವ ಕೇಪು, ಮದ್ದು, ಗುಂಡು ಇವು ಬಿಡಿಬಿಡಿಯಾಗಿದ್ದರೂ ಆ ಕಾನೂನಿನ ಕಣ್ಣಿಗೆ ಆಮ್ಯುನಿಷನ್ನೇ. ಹಾಗಾಗಿ ಲೈಸೆನ್ಸ್ ಇಲ್ಲದ ಗೆಳೆಯನ ಗ್ಯಾರೇಜಿನಲ್ಲಿ ನಿನ್ನ ಕೇಪಿನ ಡಬ್ಬಿ ಇಟ್ಟು ಬರಬೇಡ. ನಿನ್ನ ಬಳಕೆಗೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ, ತುಂಬಿ ಮಾರುವ ವ್ಯವಹಾರಕ್ಕೆ ಬೇಕು. ಮಾರುವುದು ಹಾಗಿರಲಿ, ಪುಕ್ಕಟೆಯಾಗಿಯೂ ಯಾರಿಗೂ ಕೊಡಬೇಡ. ನಿನ್ನ ರೈಫಲ್ಲಿಗೆ ಹೊಂದಿದ್ದು ಇನ್ನೊಬ್ಬನ ರೈಫಲ್ಲಿಗೆ ಹೊಂದುತ್ತದೆ ಅನ್ನುವ ಭರವಸೆ ಇಲ್ಲ.

ಊರಿನ ಲೆಕ್ಕವೇ ಬೇರೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಇರುವುದು ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ. ಎಲೆಕ್ಷನ್ ಬಂತೆಂದರೆ ಅದೂ ಠಾಣೆಗೆ ಜಮಾ. ಕೊಡವರಿಗೆ ಲೈಸೆನ್ಸಿನ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದ ದಿನ ಅವರು ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಹಿಡಿಯುತ್ತಾರೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶೋಕಿಯ ಶಿಕಾರಿಗೆ ನಮ್ಮಲ್ಲಿ ಬಾಗಿಲು ಮುಚ್ಚಿದೆ. ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಆದ್ದರಿಂದ ನಾನು ಹೇಳುವುದೆಲ್ಲ ಇಲ್ಲಿಗೆ, ಅಮೆರಿಕಕ್ಕೆ ಮಾತ್ರ. ಬೇಟೆಗೆ ಒಯ್ದ ಬ್ಯಾಗು, ಜಾಕೆಟ್ಟು ಊರಿಗೆ ಹೊರಟ ಸೂಟ್‌ಕೇಸ್ ಸೇರಕೂಡದು. ಜೇಬಿನ ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ವಿಮಾನ ನಿಲ್ದಾಣದ ಸ್ಕ್ಯಾನರಿಗೆ ಸಿಕ್ಕರೆ ನಿನ್ನ ರಜೆಯೆಲ್ಲ ಠಾಣೆಗೂ ವಕೀಲರ ಮನೆಗೂ ಓಡಾಡುವುದರಲ್ಲೇ ಮುಗಿಯುತ್ತದೆ.

ಈಗ ಜಿಂಕೆಯ ವಿಷಯ. ನೀನು ಹೊರಟಿರುವುದು ಬಿಳಿಬಾಲದ ಜಿಂಕೆಗೆ. ಬೆಳೆದ ಗಂಡು ಅರವತ್ತು ಎಪ್ಪತ್ತು ಕಿಲೋ ತೂಗೀತು. ದೊಡ್ಡ ಪ್ರಾಣಿಯಲ್ಲ, ದಪ್ಪ ಚರ್ಮವಿಲ್ಲ. ಪೆನ್ಸಿಲ್ವೇನಿಯಾದ ರೈಫಲ್ ಸೀಸನ್ ದಶಕಗಳ ಕಾಲ ಥ್ಯಾಂಕ್ಸ್‌ಗಿವಿಂಗ್ ಮುಗಿದ ಸೋಮವಾರ ಶುರುವಾಗುತ್ತಿತ್ತು, 2019ರಿಂದ ಶನಿವಾರಕ್ಕೆ ಬಂದಿದೆ. ಆ ಹೊತ್ತಿಗೆ ಓಕ್ ಮರಗಳ ಎಲೆ ಉದುರಿರುತ್ತದೆ, ಆದರೂ ಕಾಡಿನೊಳಗೆ ಹೊಡೆತ ಸಿಗುವುದು ಹೆಚ್ಚಾಗಿ ನೂರು ಗಜದೊಳಗೆ. ಜೋಳದ ಹೊಲದ ಅಂಚಿನಲ್ಲಿ ಕೂತರೆ ಇನ್ನೂರು ಗಜ ಆದೀತು. ಹೃದಯ, ಶ್ವಾಸಕೋಶ ಇರುವ ಜಾಗ ಹೆಚ್ಚುಕಡಿಮೆ ಎಂಟು ಇಂಚಿನ ಒಂದು ವೃತ್ತ. ಊಟಕ್ಕೆ ಕೊಡುವ ಪೇಪರ್ ತಟ್ಟೆಯ ಅಳತೆ ಅಂದುಕೋ.

ರೇಂಜಿಗೆ ಹೋಗಿ ಅಂಥದ್ದೇ ಒಂದು ತಟ್ಟೆ ನಿಲ್ಲಿಸು. ಬೆಂಚಿನ ಮೇಲೆ ಮರಳು ಚೀಲ ಇಟ್ಟು ಹೊಡೆಯುವುದು ರೈಫಲ್ಲಿನ ಪರೀಕ್ಷೆ, ನಿನ್ನದಲ್ಲ. ಕುಕ್ಕರುಗಾಲಲ್ಲಿ ಕೂತು, ಮೊಣಕಾಲೂರಿ, ಕಂಬಕ್ಕೆ ಒರಗಿ ನಿಂತು ಹೊಡೆ. ಯಾವ ದೂರದವರೆಗೆ ಒಂದೂ ತಪ್ಪದೆ ತಟ್ಟೆಯೊಳಗೆ ಬೀಳುತ್ತದೋ ಅಷ್ಟೇ ನಿನ್ನ ಬೇಟೆಯ ದೂರ. ಯಾವ ತೋಟಾ ಆರಿಸಬೇಕು ಅನ್ನುವುದಕ್ಕೂ ಈ ದೂರವೇ ಆಧಾರ. ನೂರೈವತ್ತು ಗಜದ ಬೇಟೆಗಾರ ಐನೂರು ಗಜದ ತೋಟಾ ಹುಡುಕುತ್ತಾ ಕೂತರೆ ದುಡ್ಡೂ ದಂಡ, ಹೊತ್ತೂ ದಂಡ.

ಯಾವ ಕ್ಯಾಲಿಬರ್ ಒಳ್ಳೆಯದು ಎಂದು ವಾದ ಮಾಡುವವರ ಜೊತೆ ಕೂರಬೇಡ, ಅದು ಮುಗಿಯುವ ಮಾತಲ್ಲ. 1906ರ .30-06, ಬೇಟೆಯ ಲೇಖಕ ಜ್ಯಾಕ್ ಓಕಾನರ್ ತಮ್ಮ ಬರಹಗಳಲ್ಲಿ ಹೊಗಳಿ ಮನೆಮಾತು ಮಾಡಿದ 1925ರ .270, ನಿನ್ನ ಕೈಯಲ್ಲಿರುವ 1952ರ .308, 1955ರ .243, 1980ರ 7ಎಂಎಂ-08, 2007ರ 6.5 ಕ್ರೀಡ್‌ಮೋರ್, ಇವೆಲ್ಲ ಬಿಳಿಬಾಲದ ಜಿಂಕೆಗೆ ಧಾರಾಳ ಸಾಕು. ಕೆಳಗಿನ ಮಿತಿ ಎಷ್ಟೆಂದು ತಿಳಿಯಬೇಕಾದರೆ ಕೊಲರಾಡೊದ ನಿಯಮ ನೋಡು. ಜಿಂಕೆಗೆ ಕನಿಷ್ಠ .24 ಕ್ಯಾಲಿಬರ್, ಕನಿಷ್ಠ 70 ಗ್ರೇನ್ ತೂಕದ ಅರಳುವ ಗುಂಡು, ನೂರು ಗಜದಲ್ಲಿ 1,000 ಫುಟ್‌-ಪೌಂಡ್ ಶಕ್ತಿ. ಗ್ರೇನ್ ಅಂದರೆ ಒಂದು ಪೌಂಡಿನ 7,000ದ ಒಂದು ಪಾಲು. ನಿನ್ನ .308ರಿಂದ 150 ಗ್ರೇನಿನ ಗುಂಡು ಸೆಕೆಂಡಿಗೆ 2,800 ಅಡಿ ವೇಗದಲ್ಲಿ ಹೊರಟರೆ ನಳಿಗೆಯ ಬಾಯಲ್ಲಿ ಸುಮಾರು 2,600 ಫುಟ್‌-ಪೌಂಡ್ ಇರುತ್ತದೆ. ಮುನ್ನೂರು ಗಜ ದಾಟಿದರೂ ಸಾವಿರದ ಮೇಲೇ ಉಳಿಯುತ್ತದೆ. ಬೇಕಾದ್ದಕ್ಕಿಂತ ಹೆಚ್ಚೇ ಇರುವಾಗ ಇನ್ನೂ ಬೇಕು ಅನ್ನುವುದು ಯಾಕೆ?

ವೇಗ ಹೆಚ್ಚಿದರೆ ಗುಂಡು ಕಡಿಮೆ ಇಳಿಯುತ್ತದಲ್ಲ ಮಾವ ಅನ್ನುತ್ತೀಯ. ಲೆಕ್ಕ ಹಾಕೋಣ. ಇನ್ನೂರು ಗಜಕ್ಕೆ ಗುರಿ ಹೊಂದಿಸಿದ, ಅಂದರೆ ಜೀರೋ ಮಾಡಿದ .308ರ ಗುಂಡು ಮುನ್ನೂರು ಗಜದಲ್ಲಿ ಎಂಟೊಂಬತ್ತು ಇಂಚು ಕೆಳಗಿಳಿದಿರುತ್ತದೆ. ಮದ್ದನ್ನು ಮಿತಿಯ ತುದಿಗೆ ತಳ್ಳಿ ನೀನು ಗಳಿಸುವುದು ಹೆಚ್ಚೆಂದರೆ ಸೆಕೆಂಡಿಗೆ ನೂರಡಿ. ಅದರಿಂದ ಮುನ್ನೂರು ಗಜದಲ್ಲಿ ಇಳಿತ ಕಡಿಮೆಯಾಗುವುದು ಒಂದು ಇಂಚೂ ಇಲ್ಲ. ಅದೇ ದೂರದಲ್ಲಿ ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಗುಂಡನ್ನು ಏಳರಿಂದ ಹತ್ತು ಇಂಚು ಪಕ್ಕಕ್ಕೆ ಸರಿಸುತ್ತದೆ. ಜಿಂಕೆ ಗಾಯವಾಗಿ ತಪ್ಪಿಸಿಕೊಳ್ಳುವುದು ಗಾಳಿಯ ಅಂದಾಜು, ದೂರದ ಅಂದಾಜು ಕೆಟ್ಟಾಗ. ಆ ನೂರಡಿ ವೇಗ ಇದಕ್ಕೆ ಯಾವ ಮದ್ದೂ ಅಲ್ಲ.

ವೇಗಕ್ಕೆ ಕೊಡುವಷ್ಟು ಗಮನವನ್ನು ಗುಂಡಿನ ಕಟ್ಟಿಗೆ ಕೊಡು. ಬೇಟೆಯ ಗುಂಡು ಒಳಹೊಕ್ಕ ಮೇಲೆ ಮೂತಿ ಅರಳಿ ಅಗಲವಾಗಬೇಕು, ಅಗಲವಾದರೂ ತುಂಡಾಗದೆ ಆಳಕ್ಕೆ ಹೋಗಬೇಕು. ಇವೆರಡೂ ಒಂದಕ್ಕೊಂದು ವಿರುದ್ಧ. ಗುಂಡು ಮಾಡುವವರ ಜಾಣತನವೆಲ್ಲ ಇವನ್ನು ಹೊಂದಿಸುವುದರಲ್ಲಿದೆ. 1946ರಲ್ಲಿ ಜಾನ್ ನಾಸ್ಲರ್ ಎಂಬವರು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋಗಿದ್ದರು. ಅವರ ಕೈಯಲ್ಲಿದ್ದುದು ಆ ಕಾಲದ ಅತಿ ವೇಗದ ರೈಫಲ್ಲುಗಳಲ್ಲಿ ಒಂದು, .300 ಎಚ್‌ ಆಂಡ್ ಎಚ್‌ ಮ್ಯಾಗ್ನಂ. ಮೈಗೆಲ್ಲ ಕೆಸರು ಮೆತ್ತಿಕೊಂಡಿದ್ದ ಮೂಸ್‌ಗೆ ಗುಂಡು ತಗುಲಿತು, ಆದರೆ ಮೇಲುಮೇಲೇ ಒಡೆದುಹೋಯಿತು, ಒಳಗಿಳಿಯಲಿಲ್ಲ. ವೇಗ ಹೆಚ್ಚಾದದ್ದೇ ಅಲ್ಲಿ ಮುಳುವಾಗಿತ್ತು. ಮನೆಗೆ ಬಂದ ನಾಸ್ಲರ್, ನಡುವೆ ತಾಮ್ರದ ಅಡ್ಡಗೋಡೆ ಇಟ್ಟು ಮುಂದೊಂದು ಹಿಂದೊಂದು ಸೀಸದ ತುಂಡು ಇರುವ ಗುಂಡು ಮಾಡಿದರು. ಮುಂದಿನ ಭಾಗ ಅರಳುತ್ತದೆ, ಹಿಂದಿನದು ಗಟ್ಟಿಯಾಗಿ ಉಳಿದು ತಳ್ಳುತ್ತದೆ. ಪಾರ್ಟಿಷನ್ ಎಂಬ ಹೆಸರಿನ ಆ ಗುಂಡು ಇವತ್ತಿಗೂ ಮಾರಾಟದಲ್ಲಿದೆ.

ನಿನಗೆ ಅಷ್ಟೂ ಬೇಡ. .308ರ ಸಾಧಾರಣ ವೇಗಕ್ಕೆ, ಜಿಂಕೆಯ ಮೈಗೆ, ತಾಮ್ರದ ಹೊದಿಕೆಯೊಳಗೆ ಸೀಸ ತುಂಬಿದ 150 ಅಥವಾ 165 ಗ್ರೇನಿನ ಮೆತ್ತನೆ ಮೂತಿಯ ಗುಂಡು ಸಾಕು. ರೆಮಿಂಗ್ಟನ್ನಿನ ಕೋರ್‌-ಲಾಕ್ಟ್, ಹಾರ್ನಡಿಯ ಇಂಟರ್‌ಲಾಕ್, ಸಿಯೆರಾದ ಗೇಮ್‌ಕಿಂಗ್, ಇಂಥವು. ಎರಡು ಬಗೆಯನ್ನು ಮಾತ್ರ ಮುಟ್ಟಬೇಡ. ಒಂದು, ಪೂರ್ತಿ ಹೊದಿಕೆಯ ಮಿಲಿಟರಿ ಗುಂಡು. ಅದು ಅರಳದೆ ಸೂಜಿಗಂಡಿ ಮಾಡಿಕೊಂಡು ಆಚೆ ಹೋಗುತ್ತದೆ, ಜಿಂಕೆ ಮೈಲಿಗಟ್ಟಲೆ ಓಡಿ ಎಲ್ಲೋ ನರಳಿ ಸಾಯುತ್ತದೆ. ಅನೇಕ ರಾಜ್ಯಗಳಲ್ಲಿ ಬೇಟೆಗೆ ಅದು ನಿಷಿದ್ಧ. ಎರಡು, ಸ್ಪರ್ಧೆಗೆಂದು ಮಾಡಿದ ಮ್ಯಾಚ್ ಗುಂಡು. ಕಾಗದದ ಮೇಲೆ ಒಂದೇ ತೂತಿನಲ್ಲಿ ಕೂರುತ್ತದೆಂದು ಆಸೆಯಾಗುತ್ತದೆ, ಆದರೆ ಸಿಯೆರಾ ಕಂಪನಿಯೇ ತನ್ನ ಮ್ಯಾಚ್‌ಕಿಂಗ್ ಗುಂಡನ್ನು ಬೇಟೆಗೆ ಶಿಫಾರಸು ಮಾಡುವುದಿಲ್ಲ. ಮಾಡಿದವರೇ ಬೇಡ ಅಂದಮೇಲೆ ನಾವು ಯಾರು?

ಸೀಸದ ವಿಷಯಕ್ಕೆ ಬಂದರೆ, ನಿನ್ನ ಮನೆಯಲ್ಲಿ ಚಿಕ್ಕ ಮಗು ಇದೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಸೀಸದ ಗುಂಡು ಅರಳುವಾಗ ಕಣ್ಣಿಗೆ ಕಾಣದ ಚೂರುಗಳು ಗಾಯದಿಂದ ಆಚೆಗೂ ಮಾಂಸದಲ್ಲಿ ಸಿಡಿದಿರುತ್ತವೆ. 2008ರಲ್ಲಿ ನಾರ್ತ್ ಡಕೋಟದ ಆರೋಗ್ಯ ಇಲಾಖೆ, ಬಡವರಿಗೆ ಹಂಚಲು ದಾನ ಬಂದಿದ್ದ ಜಿಂಕೆ ಮಾಂಸದಲ್ಲಿ ಇಂಥ ಚೂರು ಕಂಡು, ಹಂಚಬೇಡಿ ಎಂದು ಹೇಳಬೇಕಾಯಿತು. ಅಳಿವಿನಂಚಿನ ಕಾಂಡೋರ್ ರಣಹದ್ದುಗಳು ಬೇಟೆಗಾರರು ಬಿಟ್ಟುಹೋದ ಕರುಳು ತಿಂದು ಸೀಸದ ವಿಷಕ್ಕೆ ಸಾಯುತ್ತಿದ್ದವು. ಹಾಗಾಗಿ ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ, 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನೇ ಪೂರ್ತಿ ನಿಲ್ಲಿಸಿತು. ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ ಅಂಥ ಕಟ್ಟಳೆ ಇಲ್ಲ. ಆದರೂ ಮಗು, ಬಸುರಿ ತಿನ್ನುವ ಮಾಂಸವಾದರೆ ಪೂರ್ತಿ ತಾಮ್ರದ ಗುಂಡನ್ನೇ ಬಳಸು ಅನ್ನುತ್ತೇನೆ. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಅದಕ್ಕೇ 150ರ ಬದಲು 130 ಗ್ರೇನ್ ಆರಿಸುತ್ತಾರೆ. ತಾಮ್ರ ಅರಳಲು ವೇಗವೂ ಬೇಕು, ಸೆಕೆಂಡಿಗೆ 2,000 ಅಡಿಗಿಂತ ಕೆಳಗಿಳಿದರೆ ಅದರ ಮೇಲೆ ಭರವಸೆ ಇಡಬೇಡ. ನೀನು ಹೊಡೆಯುವ ದೂರಕ್ಕೆ ಅದೊಂದು ಅಡ್ಡಿಯೇ ಅಲ್ಲ.

ಇಷ್ಟಾದ ಮೇಲೆ ಪ್ರೆಸ್ಸಿನ ಮಾತು. ಹಿಡಿ ಒಮ್ಮೆ ಎಳೆದರೆ ಒಂದೇ ಕೆಲಸ ಮಾಡುವ ಸಿಂಗಲ್ ಸ್ಟೇಜ್ ಪ್ರೆಸ್ ತಗೋ. 1943ರಲ್ಲಿ ಶುರುವಾದ ಆರ್‌ಸಿಬಿಎಸ್ ಕಂಪನಿಯದಾಗಲಿ, ಲೀ ಕಂಪನಿಯದಾಗಲಿ, ಯಾವುದಾದರೂ ಸರಿ, ಸೆಕೆಂಡ್‌ಹ್ಯಾಂಡ್ ಆದರೂ ಸರಿ. ಒಂದು ಏಟಿಗೆ ಐದು ಕೆಲಸ ಮಾಡುವ ಯಂತ್ರ ಹೊಸಬನಿಗೆ ಬೇಡ. ಉಳಿಸಿದ ದುಡ್ಡಿನಲ್ಲಿ ಒಳ್ಳೆಯ ತೂಕದ ತಕ್ಕಡಿ, ಅದನ್ನು ಪರೀಕ್ಷಿಸುವ ಬಟ್ಟು, ಅಳೆಯಲು ಕ್ಯಾಲಿಪರ್, ಎರಡು ಬೇರೆಬೇರೆ ಕಂಪನಿಯ ಕೈಪಿಡಿ ಕೊಳ್ಳು. ಮದ್ದು ಎಷ್ಟು ಗ್ರೇನ್ ಹಾಕಬೇಕೆಂದು ನನ್ನನ್ನು ಕೇಳಬೇಡ, ನಾನು ಹೇಳುವುದಿಲ್ಲ. ವಾಟ್ಸಾಪಿನಲ್ಲಿ ಯಾರೋ ಕಳಿಸಿದ್ದನ್ನೂ ನಂಬಬೇಡ. ಗುಂಡು, ಮದ್ದು ತಯಾರಿಸಿದವರು ಪ್ರೆಷರ್ ಅಳೆದು ಅಚ್ಚು ಹಾಕಿದ ಅಂಕಿ ಮಾತ್ರ ಅಂಕಿ. ಎರಡು ಕೈಪಿಡಿಯನ್ನೂ ತೆರೆದಿಟ್ಟು ತಾಳೆ ನೋಡು, ಅವರು ಕೊಟ್ಟ ಅತಿ ಕಡಿಮೆ ಅಳತೆಯಿಂದ ಶುರು ಮಾಡು.

ಯಾಕಿಷ್ಟು ಬಿಗಿ ಎಂದರೆ, .308ರ ಕೇಸಿನೊಳಗೆ ಒತ್ತಡ ಚದರ ಇಂಚಿಗೆ 62,000 ಪೌಂಡಿನವರೆಗೆ ಏರುತ್ತದೆ. ನಿನ್ನ ಕಾರಿನ ಟೈರಿನಲ್ಲಿರುವುದು ಮೂವತ್ತೈದು. ಆ ಒತ್ತಡ ಹುಟ್ಟುವುದು ನಿನ್ನ ಕೆನ್ನೆಯಿಂದ ಗೇಣು ದೂರದಲ್ಲಿ. ರೈಫಲ್ಲಿನ ಕೇಸಿಗೆ ಪಿಸ್ತೂಲಿನ ಮದ್ದು ಬಿದ್ದರೆ ಬೋಲ್ಟು, ನಳಿಗೆ, ಕಣ್ಣು ಯಾವುದೂ ಉಳಿಯುವುದಿಲ್ಲ. ಆದ್ದರಿಂದ ಮೇಜಿನ ಮೇಲೆ ಯಾವಾಗಲೂ ಒಂದೇ ಮದ್ದಿನ ಡಬ್ಬಿ ಇರಬೇಕು. ಕೆಲಸ ಮುಗಿದ ತಕ್ಷಣ ಉಳಿದದ್ದನ್ನು ಅದೇ ಡಬ್ಬಿಗೆ ಸುರಿದು ಮುಚ್ಚಿಡು. ಹೆಸರು ಪೂರ್ತಿ ಓದು. ಎಚ್‌4895 ಬೇರೆ, ಐಎಂಆರ್ 4895 ಬೇರೆ. ಅಂಕಿ ಒಂದೇ, ಲೆಕ್ಕ ಒಂದಲ್ಲ. ಹುಳಿ ವಾಸನೆ ಬಂದ ಮದ್ದು, ತುಕ್ಕಿನ ಬಣ್ಣದ ಪುಡಿ ಕಂಡ ಮದ್ದು, ಲೇಬಲ್ ಕಿತ್ತುಹೋದ ಮದ್ದು, ಎಷ್ಟೇ ದುಬಾರಿಯದಾದರೂ ಬಳಸಬೇಡ.

ಕೆಲಸದ ಕ್ರಮ ಕೈಪಿಡಿಯಲ್ಲಿದೆ, ನಾನು ಎರಡೇ ಕಡೆ ಕೈ ತೋರಿಸುತ್ತೇನೆ. ಮೊದಲನೆಯದು ಹಿತ್ತಾಳೆ ಕೇಸು. ಹೊಡೆದ ಪ್ರತಿ ಸಲ ಅದು ಹಿಗ್ಗುತ್ತದೆ, ಡೈ ಎಂಬ ಅಚ್ಚಿನೊಳಗೆ ಒತ್ತಿ ಮತ್ತೆ ಕುಗ್ಗಿಸುತ್ತೀಯ. ಹೀಗೆ ಆಗುತ್ತಾ ಆಗುತ್ತಾ ತಳದಿಂದ ಸ್ವಲ್ಪ ಮೇಲೆ ಒಳಗಿನ ಗೋಡೆ ತೆಳುವಾಗುತ್ತದೆ. ಹೊರಗಿನಿಂದ ನೋಡಿದರೆ ಅಲ್ಲೊಂದು ಹೊಳೆಯುವ ಗೆರೆ ಕಾಣಬಹುದು, ಕಾಣದೆಯೂ ಇರಬಹುದು. ಒಂದು ಪೇಪರ್ ಕ್ಲಿಪ್ ಬಿಚ್ಚಿ, ತುದಿಯನ್ನು ಚೂಪು ಮಾಡಿ, ಚಿಕ್ಕದಾಗಿ ಮಡಿಸು. ಕೇಸಿನ ಬಾಯಿಂದ ತಳದವರೆಗೆ ಇಳಿಸಿ, ಗೋಡೆಗೆ ತಾಗಿಸಿಕೊಂಡು ಮೆಲ್ಲಗೆ ಮೇಲಕ್ಕೆ ಎಳೆ. ನುಣ್ಣಗೆ ಬಂದರೆ ಸರಿ. ಎಲ್ಲಾದರೂ ಹಳ್ಳಕ್ಕೆ ಸಿಕ್ಕಿಕೊಂಡ ಹಾಗೆ ತಡೆದರೆ ಆ ಕೇಸನ್ನು ಇಕ್ಕಳದಲ್ಲಿ ಚಪ್ಪಟೆ ಮಾಡಿ ಗುಜರಿ ಡಬ್ಬಿಗೆ ಹಾಕು. ಮುಂದಿನ ಸಲ ಅದು ರೈಫಲ್ಲಿನ ತೋಟಾ ಕೂರುವ ಕೋಣೆಯೊಳಗೇ ಎರಡಾಗಬಹುದು. ಉದ್ದವನ್ನೂ ಅಳೆ. .308ರ ಕೇಸು 2.015 ಇಂಚು ಮೀರಬಾರದು, ಮೀರಿದ್ದನ್ನು 2.005ಕ್ಕೆ ಕತ್ತರಿಸು. ಬೇಟೆಯ ತೋಟಾಕ್ಕೆ ಕುತ್ತಿಗೆ ಮಾತ್ರವಲ್ಲ, ಕೇಸನ್ನು ಪೂರ್ತಿ ಡೈಗೆ ಒತ್ತು. ಚಳಿಯಲ್ಲಿ, ಗ್ಲೌಸು ಹಾಕಿದ ಕೈಯಲ್ಲಿ, ಎರಡನೇ ತೋಟಾ ಸಿಕ್ಕಿಕೊಂಡರೆ ಗಾಯಗೊಂಡ ಜಿಂಕೆ ಕಣ್ಣೆದುರೇ ಹೊರಟುಹೋಗುತ್ತದೆ.

ಎರಡನೆಯದು ಮದ್ದು ಹಾಕಿದ ಮೇಲೆ, ಗುಂಡು ಕೂರಿಸುವ ಮೊದಲು. ಕೇಸುಗಳನ್ನು ಮರದ ಹಲಗೆಯ ಗುಳಿಗಳಲ್ಲಿ ಸಾಲಾಗಿ ನಿಲ್ಲಿಸಿರುತ್ತೀಯ. ಟಾರ್ಚ್ ಹಿಡಿದು ಒಂದೊಂದರೊಳಗೂ ನೋಡು. ಮದ್ದಿನ ಮಟ್ಟ ಎಲ್ಲದರಲ್ಲೂ ಒಂದೇ ಸಮ ಇರಬೇಕು. ಒಂದು ತಗ್ಗಾಗಿ ಕಂಡರೂ, ಒಂದು ಏರಿ ಕಂಡರೂ, ಸುರಿದು ಮತ್ತೆ ತೂಗು. ಖಾಲಿ ಉಳಿದ ಕೇಸು ಕೇಪಿನ ಬಲದಿಂದಲೇ ಗುಂಡನ್ನು ನಳಿಗೆಯ ನಡುವೆ ತಂದು ನಿಲ್ಲಿಸಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸೀಳುತ್ತದೆ. ಈ ಹೊತ್ತಿನಲ್ಲಿ ಫೋನಿಗೆ ಉತ್ತರ ಕೊಡಬೇಡ, ಟಿವಿ ಹಾಕಬೇಡ, ಯಾರಾದರೂ ಮಾತಾಡಿಸಿದರೆ ಕೆಲಸ ನಿಲ್ಲಿಸು. ಕೇಪು ಅಂಚಿಗಿಂತ ಒಂದಿಷ್ಟು ಒಳಗೆ ಕೂತಿದೆಯಾ ಎಂದು ಪ್ರತಿಯೊಂದನ್ನೂ ಬೆರಳಲ್ಲಿ ಸವರಿ ನೋಡು. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆ. ಕೇಪಿನ ಮಸಿಯಲ್ಲಿ ಸೀಸ ಇರುತ್ತದೆ. ಆ ಮೇಜಿನ ಮೇಲೆ ಕಾಫಿ ಲೋಟ ಬರಕೂಡದು, ಮಗು ಹತ್ತಿರ ಸುಳಿಯಕೂಡದು.

ತುಂಬಿದ ಪೆಟ್ಟಿಗೆಯ ಮೇಲೆ ತಾರೀಕು, ಮದ್ದಿನ ಹೆಸರು, ತೂಕ, ಕೇಪು, ಗುಂಡು, ಒಟ್ಟು ಉದ್ದ ಬರೆ. ಒಂದು ನೋಟ್‌ಬುಕ್ಕಿನಲ್ಲೂ ಬರೆ. ಇವುಗಳಲ್ಲಿ ಯಾವುದೊಂದನ್ನು ಬದಲಿಸಿದರೂ, ಕೇಪಿನ ಕಂಪನಿ ಬದಲಾದರೂ, ಮತ್ತೆ ಕೆಳಗಿನಿಂದ ಶುರು. ರೇಂಜಿನಲ್ಲಿ ಅರ್ಧರ್ಧ ಗ್ರೇನಿನಷ್ಟೇ ಏರಿಸುತ್ತಾ ಹೋಗು. ಬೋಲ್ಟಿನ ಹಿಡಿ ಎತ್ತಲು ಬಿಗಿಯಾಯಿತೋ, ಕೇಸಿನ ತಳದಲ್ಲಿ ಹೊಳೆಯುವ ಗುರುತು ಬಿತ್ತೋ, ಕೇಪು ಚಪ್ಪಟೆಯಾಯಿತೋ, ಅಲ್ಲಿಗೆ ನಿಲ್ಲಿಸು. ಆ ಗುರುತು ಕಾಣುವ ಹೊತ್ತಿಗೆ ಮಿತಿ ಆಗಲೇ ದಾಟಿರುತ್ತದೆ. ಗುರುತು ಕಾಣಲಿಲ್ಲ, ಇನ್ನೂ ಹಾಕಬಹುದು ಅನ್ನುವ ತರ್ಕ ಮಾತ್ರ ಬೇಡ, ಕೈಪಿಡಿಯ ಗರಿಷ್ಠವೇ ಕೊನೆಯ ಗೆರೆ. ಅದಕ್ಕೂ ಮೊದಲೇ ಎಲ್ಲೋ ನಡುವೆ ನಿನ್ನ ರೈಫಲ್ಲು ಒಂದು ಅಳತೆಗೆ ಚೆನ್ನಾಗಿ ಹೊಡೆಯುತ್ತದೆ. ನೂರು ಗಜದಲ್ಲಿ ಒಂದೂವರೆ ಇಂಚಿನೊಳಗೆ ಗುಂಡುಗಳು ಕೂರುತ್ತಿದ್ದರೆ, ಇನ್ನೂರರಲ್ಲಿ ಮೂರು ಇಂಚು. ಎಂಟು ಇಂಚಿನ ಗುರಿಗೆ ಅದು ಸಾಕೋ ಸಾಕು. ಮೂರೇ ಗುಂಡು ಹೊಡೆದು ತೀರ್ಮಾನಿಸಬೇಡ, ಮೂರು ಗುಂಡಿನ ಗುಂಪು ಅದೃಷ್ಟದಿಂದಲೂ ಚಿಕ್ಕದಾಗುತ್ತದೆ. ಬೇಟೆಗೆ ಒಯ್ಯುವ ಪ್ರತಿ ತೋಟಾವನ್ನೂ ಮೊದಲೇ ರೇಂಜಿನಲ್ಲಿ, ನಳಿಗೆಯನ್ನು ಮಣ್ಣುದಿಬ್ಬದ ಕಡೆ ಮಾಡಿ, ಮ್ಯಾಗಝಿನ್‌ನಿಂದ ಕೋಣೆಗೆ ಏರಿಸಿ ಇಳಿಸಿ ನೋಡಿಕೊ.

ಕೊನೆಗೆ ಕಾಡಿನ ಮಾತು. 250 ಚದರ ಇಂಚು ಕಿತ್ತಳೆ ಬಣ್ಣ ಮೈಮೇಲೆ ಇರಲೇಬೇಕೆಂದು ಪೆನ್ಸಿಲ್ವೇನಿಯಾದ ನಿಯಮ, ನೀನು ಇನ್ನೂ ಹೆಚ್ಚೇ ತೊಡು. ಜಿಂಕೆಯ ಹಿಂದೆ ಮಣ್ಣಿನ ಗುಡ್ಡ ಇದೆಯಾ ನೋಡು. ದಿಬ್ಬದ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಂತ ಜಿಂಕೆಗೆ ಹೊಡೆಯಬೇಡ, ಗುಂಡು ಆಚೆಗೆ ಮೈಲಿಗಟ್ಟಲೆ ಹೋದೀತು. ಅಡ್ಡಲಾಗಿ ನಿಂತಾಗ, ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗುರಿ ಇಡು. ಶ್ವಾಸಕೋಶಕ್ಕೆ ಸರಿಯಾಗಿ ತಗುಲಿದ ಜಿಂಕೆಯೂ ನೂರು ಗಜ ಓಡಬಹುದು, ಅದು ತೋಟಾದ ದೋಷವಲ್ಲ. ಓಡಿದ ದಿಕ್ಕು ಗುರುತಿಟ್ಟುಕೊಂಡು ಅರ್ಧ ಗಂಟೆ ಅಲ್ಲಾಡದೆ ಕೂರು. ಆಮೇಲೆ ನೆತ್ತರು ನೋಡು. ನಸುಗೆಂಪು, ನೊರೆನೊರೆ ಇದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪುಗೆಂಪಾದರೆ ಯಕೃತ್ತಿಗೆ ತಗುಲಿದೆ, ಇನ್ನೂ ಕೆಲವು ಗಂಟೆ ಕಾಯಬೇಕು. ಹಸಿರು ಬೆರೆತು ದುರ್ವಾಸನೆ ಬಂದರೆ ಹೊಟ್ಟೆಗೆ ತಗುಲಿದೆ. ಆರೆಂಟು ಗಂಟೆ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಹುಡುಕು. ಅವಸರದಲ್ಲಿ ಎಬ್ಬಿಸಿ ಓಡಿಸಿದರೆ ಅದು ನಿನಗೂ ಸಿಗುವುದಿಲ್ಲ, ಅದರ ನರಳಾಟವೂ ಬೇಗ ಮುಗಿಯುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಈ ಮೊದಲ ಸೀಸನ್ನಿಗೆ ಅಂಗಡಿಯ 150 ಗ್ರೇನ್ ತೋಟಾ ನಾಲ್ಕು ಪೆಟ್ಟಿಗೆ ಕೊಳ್ಳು, ಎಲ್ಲ ಒಂದೇ ಲಾಟಿನದು. ಮೂರನ್ನು ಬೇಸಿಗೆಯಿಂದ ನವೆಂಬರ್‌ವರೆಗೆ ರೇಂಜಿನಲ್ಲಿ ಹೊಡೆದು ಮುಗಿಸು, ನಾಲ್ಕನೆಯದನ್ನು ಬೇಟೆಗೆ ಇಟ್ಟುಕೊ. ಖಾಲಿ ಕೇಸುಗಳನ್ನು ಜೋಪಾನ ಮಾಡು. ಅಷ್ಟರೊಳಗೆ ಕೈಪಿಡಿಯ ಮೊದಲ ಅಧ್ಯಾಯಗಳನ್ನು ಓದಿರು. ಸೀಸನ್ ಮುಗಿದ ಮೇಲೆ, ಚಳಿಗಾಲದ ಒಂದು ಶನಿವಾರ ನನ್ನ ಮನೆಗೆ ಬಾ, ಮೊದಲ ಇಪ್ಪತ್ತು ತೋಟಾವನ್ನು ಇಬ್ಬರೂ ಕೂತು ತುಂಬೋಣ. ಹಣ ಉಳಿಯುತ್ತದೆಂದು ಮಾತ್ರ ಲೆಕ್ಕ ಹಾಕಬೇಡ, ಉಳಿದದ್ದೆಲ್ಲ ಹೆಚ್ಚು ಹೊಡೆಯುವುದಕ್ಕೇ ಹೋಗುತ್ತದೆ. ಹೋಗಲಿ, ಗುರಿ ಕೂರುವುದು ಹಾಗೆಯೇ. ತುಂಬುವಾಗ ಒಂದಿಷ್ಟು ಸಂಶಯ ಬಂದ ತೋಟಾವನ್ನು ಬಿಚ್ಚಿಬಿಡು. ದೂರದ ಬಗ್ಗೆ, ಗಾಳಿಯ ಬಗ್ಗೆ, ಹಿಂದೆ ಏನಿದೆ ಎಂಬುದರ ಬಗ್ಗೆ ಸಂಶಯ ಬಂದರೆ ಹೊಡೆಯದೆ ಬಿಡು. ಜಿಂಕೆ ಮುಂದಿನ ವರ್ಷವೂ ಬರುತ್ತದೆ.